ಎರಡು ಬೆರಳು ಚೌಳು

ಸಿರುಗುಪ್ಪದ ನಮ್ಮ ಮನೆಯಲ್ಲಿ ತಪ್ಪು ಮಾಡಿದವರು ಪಡಸಾಲೆಯ ಎರಡನೇ ಕಂಬದ ಹತ್ತಿರ ನಿಂತು, ತಾತನ ಮುಂದೆ "ತಪ್ಪಾತು" ಎಂದು ಒಂದು ಸಲ ಹೇಳಿದರೆ ಸಾಕಿತ್ತು. ಹೊಡೆತ ಬಡಿತ ಇರಲಿಲ್ಲ. ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಹಾಲು ಉಕ್ಕಿಸಿದ ಅಮ್ಮ ಹೇಳುತ್ತಿದ್ದಳು. ಬಸ್ಸು ತಪ್ಪಿಸಿಕೊಂಡು ನೆಂಟರ ಮದುವೆಗೆ ಹೋಗದೆ ವಾಪಸು ಬಂದ ಅಪ್ಪ, ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ದೊಡ್ಡ ಮನುಷ್ಯ, ಮಗುವಿನ ಹಾಗೆ ನಿಂತು ಹೇಳಿದ್ದನ್ನು ನಾನು ನೋಡಿದ್ದೇನೆ. ಹೇಳಿದ ಕೂಡಲೇ ತಾತ "ಹ್ಞೂಂ, ಹೋಗು" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಬಂದುಹೋಗುವವರು ಇದನ್ನು ನಮ್ಮ ಮನೆಯ ದೊಡ್ಡ ಗುಣವೆಂದು ಹೊಗಳುತ್ತಿದ್ದರು. ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಸಲ ಆ ಮಾತು ಹೇಳುವ ಸರದಿ ನನಗೆ ಬಂತು. ನಾನು ಹೇಳಲಿಲ್ಲ. ಚಂದ್ರನ ಮೇಲಿನ ಕುಳಿಗಳಿಂದಾಗಿ ಹಾಗಾಯಿತು ಎಂದರೆ ಕೇಳಿದವರು ನಗುತ್ತಾರೆ, ಆದ್ದರಿಂದ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ನಮ್ಮದು ಮಾಳಿಗೆ ಮನೆ. ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೊಣಕೈಯುದ್ದ ಕೆಂಪು ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಕಾಲುವೆ ನೀರು ನಿಂತು ನಿಂತು ಉಪ್ಪು ಮೇಲೆದ್ದ ಹೊಲಗಳಲ್ಲಿ ಈ ಬೂದಿ ಬಣ್ಣದ ಮಣ್ಣು ಬೇಕಾದಷ್ಟು ಸಿಗುತ್ತದೆ. ಭತ್ತಕ್ಕೆ ಬಾರದ ಮಣ್ಣು, ಮಾಳಿಗೆಗೆ ಬರುತ್ತದೆ. ಒಣಗಿದಾಗ ಜೋಳದ ಹಿಟ್ಟಿನಷ್ಟು ನಯ. ನೆನೆದರೆ ಕೆನೆಗಟ್ಟಿದಂತೆ ಮುಚ್ಚಿಕೊಂಡು ಒಂದು ಹನಿ ನೀರನ್ನೂ ಕೆಳಕ್ಕೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಹೊಸ ಚೌಳನ್ನು ನಾಲ್ಕು ಬೆರಳು ದಪ್ಪ ಹರಡಬೇಕು, ಹರಡಿದ ಮೇಲೆ ಮೊದಲ ಮಳೆ ಬೀಳುವ ತನಕ ಯಾರೂ ಅದರ ಮೇಲೆ ಕಾಲಿಡಬಾರದು. ಕಾಲಿಟ್ಟಲ್ಲೇ ಸೋರುತ್ತದೆ ಎನ್ನುತ್ತಿದ್ದರು. ಹೆಣ್ಣುಮಕ್ಕಳಂತೂ ಯಾವ ಕಾಲದಲ್ಲೂ ಮಾಳಿಗೆ ಹತ್ತುವಂತಿರಲಿಲ್ಲ, ಓಣಿಗೆಲ್ಲ ಕಾಣುತ್ತದೆಂದು. ಅಮ್ಮ ಮತ್ತು ದೊಡ್ಡಮ್ಮ ಮೆಣಸಿನಕಾಯಿಯನ್ನು ಅಂಗಳದಲ್ಲೇ ಒಣಹಾಕಿ, ಪಕ್ಕದ ಮನೆಯ ಕೋಳಿಗಳನ್ನು ದಿನವೆಲ್ಲ ಓಡಿಸುತ್ತಿದ್ದರು. ತಲೆಯ ಮೇಲೆ ಅಷ್ಟು ದೊಡ್ಡ ಬಯಲು ಖಾಲಿ ಬಿದ್ದಿರುತ್ತಿತ್ತು.

ಏಳನೇ ತರಗತಿಯಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದ ಸರ್ ಒಳ್ಳೆಯವರು, ಆದರೆ ನಗಿಸದೆ ಪಾಠ ಮಾಡಲು ಅವರಿಗೆ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಚಂದ್ರನ ಒಂದು ಕಪ್ಪುಬಿಳುಪು ಚಿತ್ರವಿತ್ತು, ಮೈತುಂಬ ಕುಳಿಗಳು.

"ಇವೇನು? ಜ್ವಾಲಾಮುಖಿ ಬಾಯಿ. ಆರಿಹೋದ ಒಲಿ ಇದ್ದಂಗ."

ನಾನು ತರಗತಿಯಲ್ಲಿ ಮಾತಾಡುವವಳಲ್ಲ. ಆ ದಿನ ಎದ್ದು ನಿಂತೆ. ಚೌಳು ಮಣ್ಣಿನ ರಾಶಿಯ ಮೇಲೆ ಮಳೆಯ ಮೊದಲ ದಪ್ಪ ಹನಿಗಳು ಬಿದ್ದಾಗ ಪ್ರತಿ ಹನಿಗೂ ಒಂದು ಕುಳಿ, ಕುಳಿಯ ಸುತ್ತ ಎದ್ದ ಅಂಚು, ಇದನ್ನು ನಾನು ಪ್ರತಿ ವರ್ಷ ನೋಡಿದ್ದೆ. ಚಿತ್ರದಲ್ಲಿಯೂ ಅದೇ ಅಂಚು ಕಾಣುತ್ತಿತ್ತು.

"ಸರ್, ಮ್ಯಾಲಿಂದ ಕಲ್ಲು ಬಿದ್ದು ಆಗಿರಬಹುದಲ್ರಿ?"

"ಯಾರವ್ವ ಒಗದ್ರು? ನಿಮ್ಮ ತಾತೇನು?"

ತರಗತಿಯೆಲ್ಲ ನಕ್ಕಿತು. ನಗು ನಿಂತ ಮೇಲೆ ಸರ್ ನಿಜವಾಗಿಯೂ ಯೋಚಿಸಿ ಒಂದು ಮಾತು ಹೇಳಿದರು.

"ಕಲ್ಲು ಅಂದ್ರ ನೆಟ್ಟಗೂ ಬೀಳ್ತಾವು, ಓರೆನೂ ಬೀಳ್ತಾವು. ಓರೆ ಬಿದ್ರ ತಗ್ಗು ಉದ್ದಕ ಆಗಬೇಕು. ಇಲ್ಲಿ ಒಂದರ ಉದ್ದಕ ಐತೇನು ತೋರಸು. ಎಲ್ಲಾ ರೊಟ್ಟಿ ತಟ್ಟಿದಂಗ ದುಂಡಗ ಅದಾವು. ಕುಂದ್ರು."

ಕುಳಿತೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಉಳಿಯಿತು, ಏಕೆಂದರೆ ಅದು ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಬಹಳ ಕಾಲ ಇದೇ ಪ್ರಶ್ನೆ ಹಿಡಿದು ಜ್ವಾಲಾಮುಖಿಯ ಪರ ವಾದಿಸಿದ್ದರೆಂದು ತಿಳಿದದ್ದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವಾಗ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಕಲ್ಲು ಬಿಟ್ಟು ನೋಡಬೇಕು, ಅದಕ್ಕೆ ನಯವಾದ, ಯಾರೂ ತುಳಿಯದ ಒಣ ಮಣ್ಣು ಬೇಕು. ಅಂಥ ಮಣ್ಣು ಎಲ್ಲಿತ್ತೋ ಅಲ್ಲಿಗೆ ನಾನು ಹತ್ತಬಾರದಿತ್ತು.

ಆ ಬೇಸಿಗೆ ಚೌಳು ತರಿಸಿ ಹರಡುವ ಕೆಲಸ ದೊಡ್ಡಪ್ಪನದಾಗಿತ್ತು. ಹರಡಿದ ಮರುದಿನವೇ, ಊಟ ಮುಗಿಸಿ ಮನೆಯವರೆಲ್ಲ ಮಲಗಿದ ಮಧ್ಯಾಹ್ನ, ಹಿತ್ತಿಲ ನಿಚ್ಚಣಿಕೆ ಹತ್ತಿದೆ. ದಕ್ಷಿಣದ ತುದಿಯಲ್ಲಿ, ದನದ ಕೊಟ್ಟಿಗೆಯ ಮೇಲಿನ ಜಾಗ ಆರಿಸಿಕೊಂಡೆ. ಸೋರಿದರೂ ಎಮ್ಮೆಯ ಮೇಲೆ ಸೋರಲಿ ಎಂದು. ಚೌಳಿನ ಮೇಲೆ ಕಾಲಿಡಲಿಲ್ಲ. ಅಂಚಿನ ಗಿಡ್ಡ ಗೋಡೆಯ ಮೇಲೆ ಕುಳಿತು, ಕೈ ಚಾಚಿ, ಒಂದೊಂದೇ ಕಲ್ಲು ಬಿಟ್ಟೆ. ಕಡಲೆಯಷ್ಟು, ಹುಣಸೆ ಬೀಜದಷ್ಟು, ಅಡಿಕೆಯಷ್ಟು, ನೆಲ್ಲಿಕಾಯಿಯಷ್ಟು. ಕುಳಿಯ ಅಗಲ, ಆಳಗಳನ್ನು ಕಸಬರಿಗೆ ಕಡ್ಡಿಯಿಂದ ಅಳೆದು, ಬೆರಳಿನ ಲೆಕ್ಕದಲ್ಲಿ ಗಣಿತ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದೆ. ಮೂರು ಮಧ್ಯಾಹ್ನ, ನಲವತ್ತೆರಡು ಕಲ್ಲು. ಕೊನೆಯ ದಿನ ಪೂರ್ವದಲ್ಲಿ ಅರ್ಧ ಚಂದ್ರ ಬಂದಿದ್ದ, ಬಿಸಿಲಿನಲ್ಲಿ ಅರೆಬರೆ ಅಳಿಸಿದ ಸುಣ್ಣದ ಗುರುತಿನ ಹಾಗೆ. ಬರಿಗಣ್ಣಿಗೆ ಕುಳಿಗಳು ಕಾಣಲಿಲ್ಲ. ನನ್ನವು ಕಾಣುತ್ತಿದ್ದವು, ಸಾಲುಸಾಲಾಗಿ. ನೆಟ್ಟಗೆ ಬಿಟ್ಟ ಕಲ್ಲುಗಳದ್ದೆಲ್ಲ ದುಂಡು, ಸುತ್ತ ಎದ್ದ ಅಂಚು. ಓರೆಯಾಗಿ ಎಸೆದವೆಲ್ಲ ಉದ್ದ, ನಾಯಿ ನಾಲಗೆಯಂತೆ. ಸಿಟ್ಟಿನಲ್ಲಿ ಅಳು ಬಂತು. ಆದರೂ ಹಾಳೆಯ ಕೆಳಗೆ ಬರೆದೆ: "ಓರೆ ಕಲ್ಲಿನ ವಿಷಯದಲ್ಲಿ ಸರ್ ಹೇಳಿದ್ದು ಸರಿ." ಇನ್ನೊಂದು ಸಂಗತಿಯನ್ನೂ, ಮಹತ್ವ ಗೊತ್ತಿಲ್ಲದೆ, ಬರೆದಿಟ್ಟೆ. ಅಡಿಕೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಕಲ್ಲು ಬಿಟ್ಟಾಗಲೆಲ್ಲ ಕುಳಿಯ ತಳದಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು, ಅದರ ಕಣಗಳು ಬೂದಿ ಬಣ್ಣದ ಅಂಚಿನ ಮೇಲೆ ಕುಂಕುಮ ಉದುರಿಸಿದಂತೆ ಸಿಡಿದಿರುತ್ತಿದ್ದವು.

ಮಳೆ ಬಂದದ್ದು ಹತ್ತು ದಿನಗಳ ಮೇಲೆ, ಸಂಜೆ, ತಾತ ಪೂಜೆ ಮುಗಿಸಿ ಪಡಸಾಲೆಯಲ್ಲಿ ಊಟಕ್ಕೆ ಕುಳಿತಾಗ. ಅಮ್ಮ ಒಲೆಯಿಂದ ಬಿಸಿ ರೊಟ್ಟಿ ತಂದು ಹಾಕುತ್ತಿದ್ದಳು, ದೊಡ್ಡಮ್ಮ ಪುಂಡಿಪಲ್ಯ ಬಡಿಸುತ್ತಿದ್ದಳು. ತಾತನ ಬಟ್ಟಲಿನ ಮಜ್ಜಿಗೆಗೆ ಒಂದು ಕೆಂಪು ಹನಿ ಬಿತ್ತು. ಆಮೇಲೆ ಇನ್ನೊಂದು. ತಾತ ತಲೆ ಎತ್ತಿ ಜಂತಿ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಹೇಳಿದ:

"ಗಿರ್ಜಿ ಮಾಳಗಿ ಹತ್ತಿದ್ಲಪ್ಪ. ನಾ ಕಣ್ಣಾರೆ ನೋಡೀನಿ. ಕೂತು ಕಲ್ಲು ಒಗೀತಿದ್ಲು."

ನೋಡಿದವನು ಹತ್ತು ದಿನ ಏಕೆ ಸುಮ್ಮನಿದ್ದ ಎಂಬುದು ಆಗಲೇ ನನಗೆ ವಿಚಿತ್ರವೆನಿಸಿತು. ತಾತ ನನ್ನ ಕಡೆ ತಿರುಗಿದ.

"ಹತ್ತಿದ್ದೇನಲೇ?"

"ಹತ್ತಿದ್ದೆ ತಾತ."

"ತಪ್ಪಾತು ಅನ್ನು, ಹೋಗು."

ನಾನು ಕಂಬದ ಹತ್ತಿರ ಹೋಗಲಿಲ್ಲ. ಒಳಗೆ ಹೋಗಿ ಗಣಿತ ಪುಸ್ತಕ ತಂದೆ. ನನ್ನ ಕುಳಿಗಳನ್ನು ಆ ಮಳೆ ಆಗಲೇ ಅಳಿಸಿ ಹಾಕಿತ್ತು. ಮಾಳಿಗೆಗೆ ಹೋಗಿ ಯಾರಿಗೂ ಏನನ್ನೂ ತೋರಿಸುವಂತಿರಲಿಲ್ಲ. ಉಳಿದಿದ್ದು ಬರೆದದ್ದು ಮಾತ್ರ.

"ನಾ ಕಲ್ಲು ಬಿಟ್ಟಿದ್ದು ಕೊಟ್ಟಿಗಿ ಮ್ಯಾಲ. ಸೋರಿದ್ದು ಪಡಸಾಲಿ. ಕೊಟ್ಟಿಗಿ ಸೋರೈತೇನು ನೋಡ್ರಿ."

ಅಪ್ಪ ಬ್ಯಾಟರಿ ಹಿಡಿದು ಹೋಗಿ ಬಂದ. ಕೊಟ್ಟಿಗೆ ಒಣಗಿತ್ತು. ಪಡಸಾಲೆಯ ಮೇಲೆ ಮಾಳಿಗೆ ಇಳಿಜಾರು, ನೀರೆಲ್ಲ ಅಲ್ಲಿ ಮಳೆನೀರನ್ನು ಹೊರಗೆ ಬಿಡುವ ಕಲ್ಲಿನ ದೋಣಿಗೆ ಹರಿದು ಬರುತ್ತದೆ. ಚೌಳು ದಪ್ಪ ಇರಬೇಕಾದ್ದು ಅಲ್ಲೇ. ತಾತನಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ.

"ಅದರಾಗ ಏನು ಬರದೀದಿ? ಓದು."

ನಾನು ಓದಿದೆ. "ಹದಿನೇಳನೇ ಕಲ್ಲು, ಅಡಿಕಿಯಷ್ಟು, ಎರಡು ಬೆರಳಿಗೆ ಕೆಂಪು ಮಣ್ಣು. ಹದಿನೆಂಟು, ನೆಲ್ಲಿಕಾಯಿಯಷ್ಟು, ಎರಡು ಬೆರಳಿಗೆ ಕೆಂಪು ಮಣ್ಣು. ಹತ್ತೊಂಬತ್ತು…"

"ನಿಲ್ಲು. ನಾಲ್ಕು ಬೆರಳು ಇರಬೇಕಾದಲ್ಲಿ ಎರಡಽ ಐತಿ." ತಾತ ಕೈ ತೊಳೆದುಕೊಂಡ. "ವೀರೇಶಾ, ಎಷ್ಟು ಟ್ರಾಲಿ ತರಿಸಿದಿ?"

"ನಾಲ್ಕಪ್ಪ," ಎಂದ ದೊಡ್ಡಪ್ಪ.

"ನಾಲ್ಕೂ ಇದಽ ಮಾಳಗಿ ಮ್ಯಾಲ ಹತ್ತ್ಯಾವೇನು?"

ದೊಡ್ಡಪ್ಪ ಜಂತಿ ನೋಡಿದ. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ, ದೊಡ್ಡಮ್ಮನದು.

"ಎರಡು ಸಿರಿಗೇರಿಗೆ ಹೋದುವ್ರಿ ಮಾವಾ. ನಮ್ಮವ್ವನ ಮಾಳಗಿ ಪೂರಾ ಕೆಟ್ಟಿತ್ತು. ನಾನಽ ಅಂದಿದ್ದೆ, ಇಲ್ಲಿ ಇನ್ನೊಂದು ವರ್ಷ ತಡೀತೈತಿ ಬಿಡ್ರಿ ಅಂತ."

"ಅತ್ತಿ ಮನಿ ಸೋರಬಾರದು, ಅಪ್ಪನ ಮಜ್ಜಿಗಿ ಕೆಂಪಾಗಬಹುದು," ಎಂದ ತಾತ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ದೊಡ್ಡಪ್ಪ ಎದ್ದು ಎರಡನೇ ಕಂಬದ ಹತ್ತಿರ ನಿಂತು "ತಪ್ಪಾತಪ್ಪ" ಎಂದ. "ಹ್ಞೂಂ, ಹೋಗು" ಎಂದ ತಾತ. ಒಂದು ನಿಮಿಷವೂ ಹಿಡಿಯಲಿಲ್ಲ. ಸುಳ್ಳು ಹೇಳಿದ್ದು, ನನ್ನ ಮೇಲೆ ಹಾಕಿದ್ದು, ಎರಡೂ ತೊಳೆದುಹೋದವು. ದೊಡ್ಡಪ್ಪ ಹಗುರವಾಗಿ ಹೋಗಿ ತನ್ನ ತಾಟಿನ ಮುಂದೆ ಕುಳಿತ. ಆಮೇಲೆ ತಾತ ನನ್ನನ್ನು ನೋಡಿದ.

"ಈಗ ನೀ ಅನ್ನು."

"ನಾ ಯಾಕ?"

"ಹತ್ತಬ್ಯಾಡ ಅಂದಿದ್ದು ಹತ್ತೀದಿ. ಹಿರೇರ ಮಾನ ಪುಸ್ತಕದಾಗ ಬರಕೊಂಡು ಮಂದಿ ಮುಂದ ಓದೀದಿ."

"ಹತ್ತಿದ್ದಕ್ಕ ತಪ್ಪಾತು ಅಂತೀನಿ. ಕಲ್ಲು ಬಿಟ್ಟಿದ್ದಕ್ಕ, ಬರದದ್ದಕ್ಕ, ಓದಿದ್ದಕ್ಕ ಅನ್ನೂದಿಲ್ಲ."

"ತಪ್ಪನ್ನ ಹೋಳು ಮಾಡಿ ಕೊಡ್ತಾರೇನಲೇ? ಇದೇನು ಕಲ್ಲಂಗಡಿ ಹಣ್ಣೇನು?"

"ಎಷ್ಟು ಐತೋ ಅಷ್ಟಕ್ಕಽ ಅಂತೀನಿ ತಾತ."

ಆ ಮನೆಯಲ್ಲಿ ಹಾಗೆ ಯಾರೂ ಮಾತಾಡಿರಲಿಲ್ಲ. ತಾತ ಕೂಗಲಿಲ್ಲ. ಟವೆಲಿನಲ್ಲಿ ಕೈ ಒರೆಸಿಕೊಂಡು, ಅಪ್ಪನನ್ನು ನೋಡಿ ಹೇಳಿದ:

"ಪೂರಾ ಮಾತು ಬರೂತನ ಈಕಿ ಬಳ್ಳಾರಿಗೆ ಹೋಗೂದಿಲ್ಲ."

ಬಳ್ಳಾರಿ ಎಂದರೆ ಗಾಂಧಿನಗರದ ನನ್ನ ಸೋದರತ್ತೆಯ ಮನೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಹೈಸ್ಕೂಲು. ಅಲ್ಲಿ ವಿಜ್ಞಾನಕ್ಕೆ ಬೇರೆ ಕೋಣೆ ಇತ್ತು, ಅದರಲ್ಲಿ ಸೂಕ್ಷ್ಮದರ್ಶಕ ಇತ್ತು. ಅತ್ತೆ ಅದನ್ನು ಕಂಡು ಬಂದು ನನಗೆ ವರ್ಣಿಸಿದ್ದಳು. ಎಂಟನೇ ತರಗತಿಗೆ ಸೀಟು ಸಿಕ್ಕಿತ್ತು. ಟ್ರಂಕಿಗೆ ನೀಲಿ ಬಣ್ಣ ಬಳಿದು ಅಪ್ಪ ನನ್ನ ಹೆಸರು ಬರೆಸಿದ್ದ. ಇಷ್ಟೆಲ್ಲದಕ್ಕೂ ಇದ್ದ ಬೆಲೆ ಮೂರಕ್ಷರದ ಒಂದು ಮಾತು. ಅದನ್ನು ನನ್ನಿಂದ ಹೇಳಿಸಲು ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದರು. ದೊಡ್ಡಮ್ಮ ಮಂಡಕ್ಕಿ ಒಗ್ಗರಣೆ ಮಾಡಿ, ಮೇಲೊಂದು ಮಿರ್ಚಿ ಇಟ್ಟು ತಂದು, ನಾನು ತಿನ್ನುವವರೆಗೂ ಎದುರಿಗೆ ಕೂತಳು. "ನಿಮ್ಮ ದೊಡ್ಡಪ್ಪಗ ನಾಚಿಕಿ ಆಗೈತವ್ವ, ಅಷ್ಟು ಸಾಲದೇನು?" ಎಂದಳು. ಅಪ್ಪ ಗಿರಣಿಗೆ ಹೊರಡುವಾಗ ಸೈಕಲ್ ಹಿಡಿದು ನಿಂತು, ನನ್ನ ಮುಖ ನೋಡದೆ ಹೇಳಿದ: "ಒಂದು ಮಾತವ್ವ. ಗಾಳಿಗೆ ಹೋಗೂ ಮಾತು. ನಾ ಎಷ್ಟು ಸಲ ಅಂದಿಲ್ಲ?" ಅವನು ಎಷ್ಟು ಸಲ ಅಂದಿದ್ದನೆಂಬುದೇ ನನ್ನ ಕಷ್ಟವಾಗಿತ್ತು. ಅದನ್ನು ಅವನಿಗೆ ಹೇಳಲಾಗಲಿಲ್ಲ.

ಅಮ್ಮ ಮಾತ್ರ ಬರಲಿಲ್ಲ. ನಾನೇ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ಕುಳಿತು, ಏನು ಮಾಡಲಿ ಎಂದು ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನನ್ನ ಕೇಳಬ್ಯಾಡ. ನಾ ಹಾಲು ಉಕ್ಕಿದ್ದಕ್ಕೂ ಅಂದೀನಿ, ಉಕ್ಕದಿದ್ದಕ್ಕೂ ಅಂದೀನಿ."

ಅಷ್ಟೇ. ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡಳು. ನನ್ನ ನಿರ್ಧಾರ ಅಲ್ಲಿ ಗಟ್ಟಿಯಾಯಿತು.

ಜೂನ್ ಮೊದಲ ವಾರ ಕುರುಗೋಡಿನಿಂದ ಮಾವ ಬಂದ, ಅಮ್ಮನ ತಮ್ಮ. ಕಲ್ಲು ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ಅವನದು. ಎಡಗೈಯ ಕಿರುಬೆರಳು ಆ ಕೆಲಸದಲ್ಲೇ ಹೋಗಿತ್ತು. ನನ್ನನ್ನು ಒಪ್ಪಿಸಲು ಅಪ್ಪನೇ ಅವನನ್ನು ಕರೆಸಿದ್ದನೆಂದು ಆಮೇಲೆ ಗೊತ್ತಾಯಿತು. ಅವನು ಪುಸ್ತಕ ಕೇಳಿದ, ಅಂಗಳದ ಕಟ್ಟೆಯ ಮೇಲೆ ಕುಳಿತು ನಲವತ್ತೆರಡು ಸಾಲುಗಳನ್ನೂ ಬಿಡದೆ ಓದಿದ.

"ಬೆರಳಿನ ಲೆಕ್ಕ ಹಾಕೀದಿ. ನನ್ನ ಕಡಿಂದ ಅಳಸಿದ್ರ ನಿಮ್ಮ ದೊಡ್ಡಪ್ಪ ಪಾರಾಗ್ತಿದ್ದ ನೋಡು," ಎಂದು ಎಡಗೈ ತೋರಿಸಿ ನಕ್ಕ. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇದೇನು, ಸರ್ ಹೇಳಿದ್ದು ಸರಿ ಅಂತ?"

ಓರೆ ಬಿದ್ದರೆ ಕುಳಿ ಉದ್ದವಾಗುತ್ತದೆ, ಚಂದ್ರನ ಮೇಲಿನವೆಲ್ಲ ದುಂಡಗಿವೆ, ಆದ್ದರಿಂದ ಅವು ಕಲ್ಲು ಬಿದ್ದು ಆದವಲ್ಲ ಎಂದು ವಿವರಿಸಿದೆ. ಮಾವ ಪುಸ್ತಕವನ್ನು ನನ್ನ ಕೈಗೆ ಕೊಟ್ಟ.

"ನೀ ಬಿಟ್ಟ ಕಲ್ಲು ಮಣ್ಣಾಗ ಹೋಗಿ ಕುಂದರತೈತಿ. ನಾವು ಮೆತ್ತಗನ ನೆಲದಾಗ ಮದ್ದು ಹುಗಿಯಾಕ ತೂತು ಹಾಕ್ತೀವಲ್ಲ, ತೂತು ನೆಟ್ಟಗಿರ್ಲಿ, ಓರೆ ಇರ್ಲಿ, ಸಿಡದ ಮ್ಯಾಲ ಗುಂಡಿ ದುಂಡಗಽ ಬರತೈತಿ. ಸಿಡಿಯೂದಕ್ಕ ಯಾವ ದಿಕ್ಕಿಂದ ಬಂತು ಅನ್ನೂದು ಗೊತ್ತಿರೂದಿಲ್ಲ. ಮ್ಯಾಲಿಂದ ಬರೂ ಕಲ್ಲು ಎಷ್ಟು ಜೋರು ಬರತಾವು?"

"ಗೊತ್ತಿಲ್ಲ ಮಾವ. ಭಾಳ ಜೋರು."

"ಭಾಳ ಜೋರು ಬಂದ್ರ ಕಲ್ಲಽ ಮದ್ದಾಗತೈತಿ. ಬರಕೋ."

ಅವನು ಓದಿದ್ದು ಒಂಬತ್ತನೆಯ ತರಗತಿ. ಎಂಟು ವರ್ಷಗಳ ಮೇಲೆ ಉಪನ್ಯಾಸಕರೊಬ್ಬರು ಹಲಗೆಯ ಮೇಲೆ ಸೂತ್ರ ಬರೆದು ಹೇಳಿದ್ದೂ ಇದನ್ನೇ: ಬಂದಪ್ಪಳಿಸುವ ಬಂಡೆ ಆ ವೇಗದಲ್ಲಿ ನೆಲದೊಳಗೆ ಇಳಿಯುವುದಿಲ್ಲ, ಸಿಡಿಯುತ್ತದೆ, ಕುಳಿಯನ್ನು ತೋಡುವುದು ಆ ಸಿಡಿತ. ಕುಳಿ ಒಳಗಿನ ಪದರವನ್ನು ಮೇಲೆ ತಂದು ಹರಡುತ್ತದೆ, ಅದನ್ನು ನೋಡಿ ಚಂದ್ರನ ಒಡಲಲ್ಲಿ ಏನಿದೆಯೆಂದು ಓದುತ್ತಾರೆ. ಭೂಮಿಗೂ ಅಷ್ಟೇ ಹೊಡೆತ ಬಿದ್ದಿವೆ. ಇಲ್ಲಿ ಮಳೆ, ಗಾಳಿ, ಹೊಳೆಗಳಿವೆ. ನೆಲವೂ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಹೀಗಾಗಿ ಬಹುಪಾಲು ಗುರುತುಗಳು ಅಳಿದುಹೋಗಿವೆ. ಚಂದ್ರನಲ್ಲಿ ಒರೆಸುವವರಿಲ್ಲ. ಬಿದ್ದದ್ದು ಬಿದ್ದ ಹಾಗೇ ಇದೆ. ಆ ತರಗತಿಯಲ್ಲಿ ನಾನು ನಮ್ಮ ಪಡಸಾಲೆಯನ್ನು ನೆನೆದೆ. ಒಂದೇ ಮಾತಿನಿಂದ ಎಲ್ಲವನ್ನೂ ಒರೆಸಿ ನಯ ಮಾಡಿಕೊಳ್ಳುವ ಮನೆಯಲ್ಲಿ ಯಾರಿಗೆ ಎಲ್ಲಿ ಪೆಟ್ಟಾಯಿತೆಂದು ಹುಡುಕಲು ಯಾವ ಗುರುತೂ ಉಳಿಯುವುದಿಲ್ಲ. ಅದನ್ನು ಗುಣವೆನ್ನುವವರು ಎನ್ನಲಿ. ನಾನು ಆ ಕಡೆಯವಳಲ್ಲ.

ಮಾವ ಹೊರಡುವಾಗ ಬಂದ ಕೆಲಸವನ್ನೂ ಮಾಡಿದ. "ಅಂದುಬಿಡು ಗಿರ್ಜಿ, ಬಳ್ಳಾರಿ ದೊಡ್ಡದು," ಎಂದ. ಇಲ್ಲ ಎಂದೆ. "ಹಂಗಾರ ಅನ್ನಬ್ಯಾಡ," ಎಂದು ಬಸ್ಸಿಗೆ ಹೋದ.

ಆ ವರ್ಷ ನಾನು ಬಳ್ಳಾರಿಗೆ ಹೋಗಲಿಲ್ಲ. ಸೀಟು ಬೇರೆಯವರಿಗೆ ಹೋಯಿತು. ಸಿರುಗುಪ್ಪದಲ್ಲೇ ಎಂಟನೇ ತರಗತಿಗೆ ಸೇರಿದೆ. ಟ್ರಂಕಿನಲ್ಲಿ ಅಮ್ಮ ಶೇಂಗಾ ತುಂಬಿಟ್ಟಳು. ತಾತ ನನ್ನೊಡನೆ ಮಾತು ಬಿಡಲಿಲ್ಲ; ನೀರು ಕೇಳುತ್ತಿದ್ದ, ಪೇಪರು ಓದಿಸುತ್ತಿದ್ದ, ವಾರಕ್ಕೊಮ್ಮೆ "ಬಂತೇನಲೇ ಮಾತು?" ಎಂದು ಕೇಳುತ್ತಿದ್ದ. "ಇಲ್ಲ ತಾತ" ಎನ್ನುತ್ತಿದ್ದೆ. ಕಷ್ಟವಾಗಲಿಲ್ಲವೆಂದರೆ ಸುಳ್ಳು. ಅತ್ತೆಯ ಮಗಳು ರಜೆಗೆ ಬಂದು, ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆ ನೋಡಿದ್ದನ್ನು ಹೇಳಿದಾಗ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಖ ತೊಳೆದು ಬಂದು, ಜೀವಕೋಶ ಯಾವ ಆಕಾರದಲ್ಲಿದ್ದವೆಂದು ಅವಳನ್ನು ಸರಿಯಾಗಿ ಕೇಳಿ ಬರೆದುಕೊಂಡೆ.

ಮುಂದಿನ ಬೇಸಿಗೆಗೆ ಮತ್ತೆ ಚೌಳು ಬಂತು. ನಾಲ್ಕು ಟ್ರಾಲಿಯನ್ನೂ ದೊಡ್ಡ ಸದ್ದು ಮಾಡಿ, ಎಲ್ಲರಿಗೂ ಕಾಣುವಂತೆ ದೊಡ್ಡಪ್ಪ ನಮ್ಮ ಬಾಗಿಲಲ್ಲೇ ಇಳಿಸಿಕೊಂಡ. ಹರಡಿ ಮುಗಿದ ಬೆಳಿಗ್ಗೆ ತಾತ ಹಿತ್ತಿಲಲ್ಲಿ ನಿಚ್ಚಣಿಕೆಯ ಬುಡದಲ್ಲಿ ನಿಂತು ನನ್ನನ್ನು ಕರೆದ. ಕೈಯಲ್ಲಿ ಹಿಡಿ ತುಂಬ ಕಲ್ಲುಗಳಿದ್ದವು.

"ಲೇ ಗಿರ್ಜಿ, ಹತ್ತು. ಎಷ್ಟು ಬೆರಳು ಐತಿ ನೋಡು."

ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ಎಲ್ಲರೂ ಅಲ್ಲೇ ಇದ್ದರು. ಅಪ್ಪನ ಮುಖ ಅರಳಿತು. ನಾನು ನಿಚ್ಚಣಿಕೆ ಮುಟ್ಟಲಿಲ್ಲ.

"ಹೋದ ವರ್ಷ ಕಲ್ಲು ಬಿಟ್ಟಿದ್ದು, ಬರದದ್ದು ತಪ್ಪಲ್ಲ ಅನ್ನು ತಾತ. ಹತ್ತೀನಿ."

"ಬಾಯಿ ನೋಡ್ರಿ ಇದರದು!" ಎಂದ ದೊಡ್ಡಪ್ಪ.

"ನೀ ಸುಮ್ಮನಿರಲೇ," ಎಂದ ತಾತ, ಅವನ ಕಡೆ ನೋಡದೆ. ತಪ್ಪಲ್ಲ ಎನ್ನಲಿಲ್ಲ. ಕಲ್ಲುಗಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು, ಧೋತರ ಎತ್ತಿ ಕಟ್ಟಿ, ಎಪ್ಪತ್ತು ದಾಟಿದ ಆ ಮೊಣಕಾಲುಗಳಿಂದ ತಾನೇ ಒಂದೊಂದೇ ಮೆಟ್ಟಿಲು ಹತ್ತಿದ. ಅಪ್ಪ ಕೆಳಗಿನಿಂದ ನಿಚ್ಚಣಿಕೆ ಹಿಡಿದ. ಮೇಲೆ ಹೋದ ತಾತ ಸ್ವಲ್ಪ ಹೊತ್ತು ಕಾಣಲಿಲ್ಲ. ಆಮೇಲೆ ಧ್ವನಿ ಬಂತು.

"ಯಾವ ಕಲ್ಲು?"

"ಅಡಿಕಿಯಷ್ಟು."

"ಎಷ್ಟು ಎತ್ತರದಿಂದ?"

"ಗ್ವಾಡಿ ಮ್ಯಾಲ ಕುಂತು, ಕೈ ಚಾಚಿ, ಭುಜದ ಎತ್ತರಕ್ಕ. ಒಗೀಬ್ಯಾಡ, ಬಿಡು."

ಕಲ್ಲು ಬಿದ್ದ ಸದ್ದು ಕೇಳಲಿಲ್ಲ, ಚೌಳಿನಲ್ಲಿ ಕೇಳುವುದಿಲ್ಲ.

"ಎರಡೂವರಿ ಬೆರಳು. ಕೆಂಪು ಇಲ್ಲ. ಬರಕೋ."

ನಾನು ಒಳಗೆ ಓಡಿ ಪುಸ್ತಕ ತಂದೆ. ಹನ್ನೊಂದು ಕಲ್ಲುಗಳನ್ನು ತಾತ ಒಂದೊಂದು ಕಡೆ ಬಿಟ್ಟು, ಅಳತೆಯನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಹನ್ನೊಂದನ್ನೂ ಬರೆದೆ. ಆ ಜೂನ್‌ನಲ್ಲಿ ಒಂಬತ್ತನೇ ತರಗತಿಗೆಂದು ಬಳ್ಳಾರಿಗೆ ಹೊರಟಾಗ ಯಾರೂ ನನ್ನನ್ನು ಯಾವ ಮಾತನ್ನೂ ಕೇಳಲಿಲ್ಲ, ಯಾರೂ ನನಗೆ ಯಾವ ಮಾತನ್ನೂ ಹೇಳಲಿಲ್ಲ. ಆದರೆ ಅದು ನಿರ್ಧಾರವಾದದ್ದು ಆ ಬೆಳಿಗ್ಗೆ, ಹನ್ನೆರಡನೆಯ ಸಾಲಿನಲ್ಲಿ. ಹನ್ನೊಂದೂ ಮುಗಿದು ಗೋಡೆಯಿಂದ ಏಳುವಾಗ ತಾತ ಒಂದು ಕ್ಷಣ ತೂಗಾಡಿದ್ದು ಹಿತ್ತಿಲ ನೆಲದ ಮೇಲೆ ಬಿದ್ದ ಅವನ ನೆರಳಿನಲ್ಲಿ ಕಂಡಿತು. ಅಮ್ಮ "ಅಯ್ಯಯ್ಯೋ, ಮಾವಾ" ಎಂದಳು.

"ಲೇ ಗಿರ್ಜಿ."

"ಹ್ಞಾಂ ತಾತ."

"ಕಾಲು ಇಟ್ಟೀನಿ. ಚೌಳಿನ ಮ್ಯಾಲ. ಪೂರಾ ಪಾದ ಮೂಡೈತಿ." ಒಂದಿಷ್ಟು ತಡೆದು ಕೇಳಿದ, "ಅದನ್ನೂ ಬರೀತೀಯೇನು?"

ದೊಡ್ಡಪ್ಪ ನನ್ನ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದ. ಅಪ್ಪ ನಿಚ್ಚಣಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ನಾನು ಹೊಸ ಸಾಲಿಗೆ ಸಂಖ್ಯೆ ಹಾಕಿದೆ.

"ಬರೀತೀನಿ ತಾತ. ಎಷ್ಟು ಆಳ?"

ಅವನು ಬಗ್ಗಿ ಅಳೆದ.